ಮುನ್ನುಡಿ ಬೇಡ, ಕಥೆ ಓದು

ಜೂನ್ 4

ಇವತ್ತಿನಿಂದ ಬರೆಯುತ್ತೇನೆ. ಬರೆಯದಿದ್ದರೆ ಇದೆಲ್ಲ ಬಾಯಿಗೆ ಬರುತ್ತದೆ, ಬಾಯಿಗೆ ಬಂದರೆ ಪಕ್ಕದ ಕೋಣೆಗೆ ಕೇಳಿಸುತ್ತದೆ. ಮಾಸ್ಟರಿಗೆ ಕಣ್ಣು ಹೋದರೂ ಕಿವಿ ಹೋಗಿಲ್ಲ. ಗೋಡೆಯಾಚೆ ಸೂಜಿ ಬಿದ್ದರೆ ಎಷ್ಟನೇ ನಂಬರಿನ ಸೂಜಿ ಎಂದು ಹೇಳುತ್ತಾರೆ.

ಮಾಸ್ಟರು ಎಂದರೆ ನನ್ನ ಅಪ್ಪ. ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕೆ ಕೂತ ಮೊದಲನೇ ದಿನವೇ ಹೇಳಿದ್ದರು, "ಇಲ್ಲಿ ಅಪ್ಪ ಗಿಪ್ಪ ಇಲ್ಲ, ಎಲ್ಲರ ಹಾಗೆ ಮಾಸ್ಟ್ರು ಅನ್ನು." ಅಂದೆ. ಅಂಗಡಿ ಮುಚ್ಚಿ ವರ್ಷಗಳಾದರೂ ನಾಲಗೆ ಹಳೆಯ ದಾರಿಗೆ ತಿರುಗಲಿಲ್ಲ. ಈ ಅಳತೆ ಪುಸ್ತಕವೂ ಆ ಅಂಗಡಿಯದೇ, ಬಳಸದೆ ಉಳಿದದ್ದು. ಪ್ರತಿ ಹಾಳೆಯಲ್ಲೂ ಎದೆ, ಸೊಂಟ, ತೋಳು ಎಂದು ಅಚ್ಚಾಗಿದೆ. ಇಷ್ಟು ವರ್ಷ ಊರವರ ಎದೆ ಅಳೆದು ಬರೆದದ್ದಾಯಿತು, ಇನ್ನು ನನ್ನದು.

ಡಾಕ್ಟರು ಇವತ್ತು ನನ್ನನ್ನು ಬಾಗಿಲಾಚೆ ಕರೆದು, "ಹಾರ್ಟು ತುಂಬಾ ದಣಿದಿದೆ, ಎಷ್ಟು ದಿನ ಅಂತ ಹೇಳಕ್ಕಾಗಲ್ಲ. ಅವರ ಮನಸ್ಸಿಗೆ ನೋವಾಗದ ಹಾಗೆ ನೋಡ್ಕೊಳ್ಳಿ" ಎಂದರು. ಅವರ ಮನಸ್ಸಿಗೆ! ನಗು ಬಂತು, ತಡೆದುಕೊಂಡೆ. ಒಳಗೆ ಹೋದರೆ ಹಾಲು ಬಿಸಿ ಎಂದು ಬೈದರು. ಆರಿಸಿ ಕೊಟ್ಟರೆ ತಣ್ಣಗಾಯಿತು ಎಂದು ಬೈದರು.

ಜೂನ್ 6

ನನ್ನ ಅಡ್ಡಹೆಸರು ಕಾಜ. ಅಂಗಿಯಲ್ಲಿ ಗುಂಡಿ ತೂರಿಸುವ ಕಿಂಡಿಗೆ ಕಾಜ ಎನ್ನುತ್ತಾರೆ. ಆ ಕಿಂಡಿಯ ಸುತ್ತ ದಾರ ಹೆಣೆಯುವುದೇ ನನ್ನ ಜನ್ಮವಾಯಿತು. ಬಟ್ಟೆ ಕತ್ತರಿಸಲು ಮಾತ್ರ ಬಿಡಲಿಲ್ಲ. ಕಲಿಯುತ್ತೇನೆ ಎಂದು ಎಷ್ಟು ಸಲ ಕೇಳಿದೆನೋ! "ಕತ್ತರಿ ಹಿಡಿಯೋನು ಅಂಗಡಿ ನಡೆಸೋನು. ನೀನು ಕಾಜ ನೋಡ್ಕೋ." ತಮ್ಮನ ಶಾಲೆ ಮುಗಿದ ವಾರವೇ ಕತ್ತರಿ ಅವನ ಕೈಗೆ ಹೋಯಿತು. ಕೋಟಿನ ತೋಳನ್ನು ತಿರುಗುಮುರುಗು ಕತ್ತರಿಸಿದ ಮಹಾನುಭಾವ ಅವನು. ಹೆತ್ತವರಿಗೆ ಹೆಗ್ಗಣ ಮುದ್ದು. ಕೊನೆಗೆ ಮೆಷಿನ್ನುಗಳನ್ನೆಲ್ಲ ಮಾರಿ, ಅದೇ ಜಾಗದಲ್ಲಿ ರೆಡಿಮೇಡ್ ಅಂಗಡಿ ಇಟ್ಟ. ಅವನು ಮಾರುವ ಅಂಗಿಗಳ ಕಾಜ ಎರಡು ಒಗೆತಕ್ಕೆ ಬಿಚ್ಚಿಕೊಳ್ಳುತ್ತದೆ. ಅದನ್ನು ರಿಪೇರಿ ಮಾಡಿಸಲು ಜನ ನನ್ನ ಬಳಿಗೇ ಬರುತ್ತಾರೆ.

ಆ ಕತ್ತರಿ ಈಗ ಮಾಸ್ಟರ ದಿಂಬಿನ ಪಕ್ಕ, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದೆ. ಅದರ ಸೇವೆಯೂ ಒಂದು ಬಾಕಿ ನನಗೆ.

ಜೂನ್ 9

ತಮ್ಮ ಬಂದಿದ್ದ. ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ, ಒಂದು ಪುಸ್ತಕ. "ಅಕ್ಕ, ಏನು ಸಿಕ್ತು ಗೊತ್ತಾ? ಅಪ್ಪ ಹೇಳ್ತಿದ್ರಲ್ಲ, ಅದೇ!"

'ಗಡಿಯಾರ ನಿಂತ ಮನೆ'. ನೂರು ವರ್ಷಕ್ಕೂ ಹಳೆಯ ಪತ್ತೇದಾರಿ ಕಾದಂಬರಿ, ಈಗ ಯಾರೋ ಮತ್ತೆ ಅಚ್ಚು ಹಾಕಿದ್ದಾರೆ. ಈ ಮನೆಯಲ್ಲಿ ಆ ಹೆಸರು ಗೊತ್ತಿಲ್ಲದವರಿಲ್ಲ. ಮಾಸ್ಟರು ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವರ ಗುರುವಿನ ಅಂಗಡಿಯಲ್ಲಿ ಆ ಪುಸ್ತಕದ ಒಂದು ಪ್ರತಿ ಇತ್ತಂತೆ. ಕೆಲಸದ ನಡುವೆ ಒಬ್ಬರು ಓದುವುದು, ಉಳಿದವರು ಹೊಲಿಯುತ್ತ ಕೇಳುವುದು. ಕೊನೆಯ ಅಧ್ಯಾಯಕ್ಕೆ ಬಂದಾಗ ಹಾಳೆಗಳೇ ಇಲ್ಲ! ಗುರುವಿನ ಹೆಂಡತಿ ಇಸ್ತ್ರಿ ಪೆಟ್ಟಿಗೆಯ ಇದ್ದಿಲು ಹೊತ್ತಿಸಲು ಹರಿದುಕೊಂಡಿದ್ದಳಂತೆ. ಕೊಂದವರು ಯಾರೆಂಬುದು ಬೂದಿಯಾಗಿ ಹೋಯಿತು. ಅಂದಿನಿಂದ ಏನು ಕಳೆದುಹೋದರೂ, ಸೂಜಿ ಕಳೆದರೂ ಸರಿ, ಮಾಸ್ಟರು ಅನ್ನುವ ಮಾತು ಒಂದೇ, "ಅದೂ ಆ ಕೊನೆ ಅಧ್ಯಾಯದ ಜೊತೆ ಹೋಯ್ತು."

ನಾನು ಔಷಧಿ ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅಪ್ಪ ಮಗನ ನಡುವೆ ಏನೋ ನಡೆದಿತ್ತು. ಮಾಸ್ಟರ ಮುಖ ಗಂಟು. ತಮ್ಮ ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ. "ನನಗೆ ಟೈಮಿಲ್ಲ ಅಕ್ಕ, ನೀನೇ ಓದಿ ಹೇಳು." ಅವನಿಗೆ ಯಾವತ್ತು ಟೈಮಿತ್ತು? ಪುಣ್ಯ ಕಟ್ಟಿಕೊಳ್ಳುವುದು ಅವನು, ಗಂಟಲು ಒಣಗಿಸಿಕೊಳ್ಳುವುದು ನಾನು.

ಜೂನ್ 10

ಪುಸ್ತಕ ತೆರೆದೆ. ಮೊದಲು ದಿಂಬಿನಷ್ಟು ದಪ್ಪದ ಮುನ್ನುಡಿ, ಯಾರೋ ಪ್ರೊಫೆಸರದು. ಓದಲೇಬೇಕೇನೋ ಎಂದು ಗಂಟಲು ಸರಿಮಾಡಿಕೊಂಡೆ.

"ಮುನ್ನುಡಿ ಬೇಡ, ಕಥೆ ಓದು" ಎಂದರು ಮಾಸ್ಟರು.

ಇಷ್ಟು ವರ್ಷದಲ್ಲಿ ನಾವಿಬ್ಬರೂ ಒಪ್ಪಿದ ಮೊದಲನೆಯ ಮಾತು ಇದೇ ಇರಬೇಕು.

ಕಥೆ ಇಷ್ಟು. ಒಬ್ಬ ಸಿರಿವಂತ ಮುದುಕ, ಕಾಯಿಲೆ ಬಿದ್ದವನು, ಒಂದು ಬೆಳಿಗ್ಗೆ ಹಾಸಿಗೆಯಲ್ಲಿ ಸತ್ತಿದ್ದಾನೆ. ಕೋಣೆಯ ಗಡಿಯಾರ ನಿಂತಿದೆ. ಮನೆಯಲ್ಲಿ ಇರುವವರು ಗುಮಾಸ್ತ, ದುಂದುಗಾರ ಮಗ, ದಿನಾ ಬಂದು ಹೋಗುವ ವೈದ್ಯ, ಮತ್ತು ಮದುವೆಯಾಗದೆ ಅಪ್ಪನ ಸೇವೆಗೆ ನಿಂತ ಮಗಳು. ಪತ್ತೇದಾರ ಕೊಡೆ ಹಿಡಿದು ಬರುತ್ತಾನೆ, ಪುಟಕ್ಕೊಂದು ಸಲ ನಕ್ಕು ಏನೂ ಹೇಳದೆ ಹೋಗುತ್ತಾನೆ. ಬರೆದವರು ನಡುನಡುವೆ "ವಾಚಕ ಮಹಾಶಯರೇ" ಎಂದು ನಮ್ಮನ್ನು ಕರೆದು ಉಪದೇಶ ಮಾಡುತ್ತಾರೆ. ಓದುವಾಗ ನಾಲಗೆ ಹೊರಳುವುದಿಲ್ಲ.

ಜೂನ್ 13

ಓದುವಾಗ ಎಲ್ಲಿ ನಿಲ್ಲಿಸಬೇಕು ಎನ್ನುವುದಕ್ಕೂ ಬೈಗುಳ. ಪತ್ತೇದಾರನಿಗೆ ಬೇರೆ ದನಿ ಮಾಡಿ ಓದಿದೆ. "ಅವನ್ಯಾಕೆ ನೆಗಡಿ ಬಂದವನ ಹಾಗೆ ಮಾತಾಡ್ತಾನೆ?" ಎಂದರು. ಸರಿ, ನಾಳೆಯಿಂದ ಎಲ್ಲರಿಗೂ ನನ್ನ ದನಿಯೇ. ಕೆಳಗಿನ ಮನೆಯ ನರ್ಸು ಇಂಜೆಕ್ಷನ್ ಕೊಡಲು ಬಂದವಳು ಒಂದು ಅಧ್ಯಾಯ ಕೂತು ಕೇಳಿ, "ಚೆನ್ನಾಗಿ ಓದ್ತೀರಾ ಅಕ್ಕ" ಎಂದಳು. ಹೊರಗಿನವರ ಬಾಯಲ್ಲೇ ಕೇಳಬೇಕು ಇಂಥದ್ದನ್ನು.

ಜೂನ್ 17

ಮಾಸ್ಟರಿಗೆ ಗುಮಾಸ್ತನ ಮೇಲೆ ಅನುಮಾನವಂತೆ. "ಬೆನ್ನು ಬಗ್ಗಿಸಿ ನಡೆಯೋರನ್ನ ನಂಬಬಾರದು. ಅವರಿಗೆ ಕೋಟು ಹೊಲಿಯೋದೂ ಕಷ್ಟ." ಮಗನ ಮೇಲೆ ಅನುಮಾನ ಬರುವುದಿಲ್ಲವೇ ಎಂದು ಕೇಳಿದೆ. "ಅವನು ದಡ್ಡ. ಕೊಲೆಗೆ ಬುದ್ಧಿ ಬೇಕು." ಕಥೆಯ ಮಗನ ಮಾತೋ, ಹೆತ್ತ ಮಗನ ಮಾತೋ! ನಕ್ಕುಬಿಟ್ಟೆ. ಮಾಸ್ಟರೂ ನಕ್ಕರು, ಆಮೇಲೆ ಕೆಮ್ಮಿದರು, ಆ ಕೆಮ್ಮಿಗೂ ನಾನೇ ಕಾರಣ ಎಂದರು.

ಇವತ್ತು ನಿನ್ನೆಗಿಂತ ಒಂದು ಅಧ್ಯಾಯ ಹೆಚ್ಚು ಓದಿದೆ. ಜಿಪ್ಪು ಹಾಕಲು ಕೊಟ್ಟ ಪ್ಯಾಂಟುಗಳು ಹಾಗೇ ಬಿದ್ದಿವೆ.

ಜೂನ್ 21

ಕತ್ತರಿಗೆ ಎಣ್ಣೆ ಹಾಕೋಣವೆಂದು ಫ್ಲಾನೆಲ್ ಬಿಚ್ಚಿದೆ. ಅಲಗು ಒಂದಕ್ಕೊಂದು ತಾಗಿದ ಸದ್ದು ಅಷ್ಟೇ.

"ಯಾರದು? ಇಡು ಕೆಳಗೆ!"

"ಎಣ್ಣೆ ಹಾಕ್ತಿದೀನಿ ಮಾಸ್ಟ್ರೇ."

"ಇಡು ಅಂದೆ. ಗೊತ್ತಿಲ್ಲದ ಕೈ ಮುಟ್ಟಿದ್ರೆ ಅದರ ಹರಿತ ಹೋಗುತ್ತೆ."

ಗೊತ್ತಿಲ್ಲದ ಕೈ. ಅವರ ಉಚ್ಚೆಯ ಪಾತ್ರೆ ತೊಳೆಯುವಾಗ ಈ ಕೈ ಗೊತ್ತಿರುತ್ತದೆ. ಬೆನ್ನಿಗೆ ಪೌಡರ್ ಹಾಕುವಾಗ ಗೊತ್ತಿರುತ್ತದೆ. ನನಗೂ ಬಾಯಿದೆ ಎಂದು ಇವತ್ತು ತೋರಿಸಿದೆ. "ನಿಮ್ಮ ಗೊತ್ತಿರೋ ಕೈ ಬಂದು ಹಾಲು ಕುಡಿಸಲಿ ಹಾಗಾದ್ರೆ" ಎಂದು ಲೋಟವನ್ನು ಕುಟ್ಟಿ ಇಟ್ಟು ಬಂದೆ. ಹಾಲು ಚೆಲ್ಲಿತು. ಒರೆಸಿದವಳೂ ನಾನೇ.

ಜೂನ್ 22

ಓದಲಿಲ್ಲ. ಅವರೂ ಕೇಳಲಿಲ್ಲ.

ಜೂನ್ 24

ಬೆಳಿಗ್ಗೆ ಅಪ್ಪನೇ ಬಾಯಿಬಿಟ್ಟರು. "ಆ ಗಡಿಯಾರ ನಿಲ್ಲಿಸಿದ್ದು ಯಾಕೆ ಅಂತ ಯೋಚಿಸಿದ್ಯಾ ಕಾಜ?" ಕ್ಷಮೆ ಕೇಳುವುದು ಅವರ ಜಾತಕದಲ್ಲೇ ಇಲ್ಲ. ಹೋಗಲಿ ಎಂದು ಪುಸ್ತಕ ತಂದೆ. ಪತ್ತೇದಾರನ ದನಿ ತೆಗೆದುಬಿಟ್ಟಿದ್ದೆನಲ್ಲ, "ನೆಗಡಿ ವಾಸಿಯಾಯ್ತಾ ಅವನಿಗೆ? ಮೊದಲಿನ ಹಾಗೇ ಓದು" ಎಂದರು.

ಜುಲೈ 2

ಮಾಡಬಾರದ್ದನ್ನು ಮಾಡಿದೆ. ಮಧ್ಯಾಹ್ನ ಅಪ್ಪ ಮಲಗಿದ್ದಾಗ ಕೊನೆಯ ಅಧ್ಯಾಯ ತೆರೆದು ಓದಿದೆ.

ಕೊಂದವಳು ಮಗಳು.

"ವಾಚಕ ಮಹಾಶಯರೇ, ಆ ಕೈ ಮತ್ತಾರದೂ ಅಲ್ಲ! ಹಗಲಿರುಳೂ ಹಾಸಿಗೆಯ ಬಳಿ ಕುಳಿತು ಹಾಲೆರೆದ ಕೈಯೇ ಆ ಹಾಲಿಗೆ ವಿಷವನ್ನೂ ಎರೆಯಿತು!" ಎಂದಿದೆ. ಅಪ್ಪ ಎಲ್ಲವನ್ನೂ ಮಗನಿಗೆ ಕೊಟ್ಟು ಅವಳನ್ನು ಹಾಸಿಗೆಯ ಕಾಲಿಗೆ ಕಟ್ಟಿಹಾಕಿದ್ದನಂತೆ. ದಿನಾ ಒಂದಿಷ್ಟು ಹಾಕುತ್ತಿದ್ದಳಂತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ನನ್ನ ಕೈ ನೋಡಿಕೊಂಡೆ. ನಿಜ ಹೇಳಬೇಕೆಂದರೆ ಅವಳ ಮೇಲೆ ನನಗೆ ಅಸಹ್ಯವಾಗಲಿಲ್ಲ. ಅವಳು ತನ್ನ ಸಂಕಟ ಹೇಳಿಕೊಳ್ಳುವ ಎರಡು ಪುಟಕ್ಕೆ ತಲೆದೂಗಿದೆ, ಕಣ್ಣಲ್ಲಿ ನೀರು ಬಂತು. ಅದೇ ನನಗೆ ಹೆದರಿಕೆ.

ಇದನ್ನು ನನ್ನ ಬಾಯಿಂದಲೇ ಅಪ್ಪ ಕೇಳಬೇಕು. ಕೇಳಿದ ಮೇಲೆ ನನ್ನ ಕೈಯಿಂದಲೇ ಹಾಲು ಕುಡಿಯಬೇಕು. ಲೋಟ ತುಟಿಗೆ ಹಿಡಿದಾಗ ಅವರು ಒಂದು ಗಳಿಗೆ ತಡವರಿಸಿದರೆ ಸಾಕು, ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣುಪಾಲು. ಹಾಗೆಂದು ಸುಳ್ಳು ಓದಲೇ? ಜೀವಮಾನವೆಲ್ಲ ಕಾದದ್ದು ಇದೊಂದಕ್ಕೆ. ಕಣ್ಣಿಲ್ಲದವರಿಗೆ ಸುಳ್ಳು ಓದುವುದಕ್ಕಿಂತ ಹೇಯವಾದ ಕೆಲಸ ಇನ್ನೊಂದಿಲ್ಲ.

ಜುಲೈ 3

ನೇರವಾಗಿ ಕೇಳಲು ಧೈರ್ಯವಾಗಲಿಲ್ಲ, ಸುತ್ತಿಬಳಸಿ ಕೇಳಿದೆ. "ಮಗಳ ಮೇಲೆ ನಿಮಗೆ ಅನುಮಾನ ಬರಲ್ವಾ?"

ಅಪ್ಪ ಗೋಡೆಯ ಕಡೆ ಹೊರಳಿದರು. ನಿದ್ದೆ ಹೋದರೇನೋ ಅಂದುಕೊಂಡೆ.

"ಅವಳಾ? ಅವಳಲ್ಲ ಬಿಡು. ಬೈತಾಳೆ, ಲೋಟ ಕುಟ್ತಾಳೆ. ಅಷ್ಟೇ. ಕೊಲ್ಲೋಕೆಲ್ಲ ಅವಳ ಕೈಲಾಗಲ್ಲ."

ಕಥೆಯ ಮಗಳು ಎಲ್ಲೂ ಲೋಟ ಕುಟ್ಟಿಲ್ಲ. ಕುಟ್ಟಿದವಳು ನಾನು. ಅಂದರೆ ನನ್ನ ಕೈಲಿ ಅದೂ ಆಗುವುದಿಲ್ಲ! ಬಟ್ಟೆ ಕತ್ತರಿಸಲು ಆಗುವುದಿಲ್ಲ, ಅಂಗಡಿ ನಡೆಸಲು ಆಗುವುದಿಲ್ಲ, ಕೊಲೆ ಮಾಡಲೂ ಆಗುವುದಿಲ್ಲ. ಬರೀ ಕಾಜ. ಮೈಯೆಲ್ಲ ಉರಿಯಿತು. ನಾಳೆಯೇ ಕೊನೆಯ ಅಧ್ಯಾಯ ಇದ್ದದ್ದು ಇದ್ದ ಹಾಗೆ ಓದಿ ಮುಗಿಸುತ್ತೇನೆ.

ಜುಲೈ 4

ಓದಲಿಲ್ಲ. ಅಪ್ಪನಿಗೆ ಉಸಿರಾಟ ಸರಿಯಿರಲಿಲ್ಲ. ಹಾಲು ಮಾತ್ರ ಕುಡಿದರು, ಬಿಸಿ ಎನ್ನಲಿಲ್ಲ, ತಣ್ಣಗೆ ಎನ್ನಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಜುಲೈ 8

ಉಳಿದ ಅಧ್ಯಾಯಗಳನ್ನು ಒಂದೊಂದೇ ಪುಟ ಓದುತ್ತಿದ್ದೇನೆ. ಅಪ್ಪನಿಗೆ ದಣಿವಾಗುತ್ತದೆ ಎಂದು. ಕೆಲವು ಕಡೆ ಎರಡು ಸಲ ಓದುತ್ತೇನೆ, ಅವರೂ ಆಗಲೇ ಓದಿದೆ ಎನ್ನುವುದಿಲ್ಲ. ನರ್ಸು, "ಇದೇನಕ್ಕ, ನಾನು ಮೊನ್ನೆ ಕೇಳಿದ್ದೂ ಇದೇ ಅಲ್ವಾ?" ಎಂದಳು. ಅವಳಿಗೆ ಸೂಜಿ ಚುಚ್ಚುವ ಕೆಲಸ ಸಾಲದೇ?

ಪ್ಯಾಂಟಿನ ಅಂಚು ಹೊಲಿಯುತ್ತ ಇವತ್ತು ಒಂದು ಯೋಚನೆ ಮಾಡಿದೆ. ವೈದ್ಯ ಕೊಂದಿದ್ದರೆ? ಅವನೂ ದಿನಾ ಬರುತ್ತಾನೆ, ಔಷಧಿಯ ಸೀಸೆ ಮುಟ್ಟುತ್ತಾನೆ. ಮೂರನೆಯ ಅಧ್ಯಾಯದಲ್ಲಿ ಅವನ ಕೈಗವಸು ಕಳೆದುಹೋಗುತ್ತದೆ. ಬರೆದವರು ಆಮೇಲೆ ಅದನ್ನು ಮರೆತೇಬಿಟ್ಟಿದ್ದಾರೆ. ಆ ಕೈಗವಸನ್ನು ಎಳೆದು ತಂದು ಕೊನೆಗೆ ಜೋಡಿಸಬಹುದು. ಮಗಳು ಅಳುವ ಎರಡು ಪುಟವನ್ನು ಹಾಗೇ ಇಡಬಹುದು, ಅಳಲು ಕಾರಣ ಮಾತ್ರ ಬೇರೆ. ಗಡಿಯಾರಕ್ಕೆ ಏನು ಮಾಡುವುದು ಎಂದು ಹೊಳೆಯುತ್ತಿಲ್ಲ.

ಸುಮ್ಮನೆ ಯೋಚಿಸಿದ್ದು. ಓದುವುದಾದರೆ ಇದ್ದದ್ದನ್ನೇ ಓದುತ್ತೇನೆ.

ಜುಲೈ 9

ಗಡಿಯಾರ ನಿಲ್ಲಿಸಿದ್ದೂ ವೈದ್ಯನೇ. ನಾಡಿ ನೋಡುವ ನೆಪದಲ್ಲಿ. ಸರಿಹೋಯಿತು.

ಜುಲೈ 12

ಮುಗಿಸಿದೆ.

ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಓದಿದೆ, ಕಣ್ಣಿಲ್ಲದವರ ಎದುರಿಗೆ! ಎಲ್ಲಿ ಕಥೆ ಮಗಳ ಕಡೆ ತಿರುಗುತ್ತದೋ ಅಲ್ಲಿ ಕತ್ತರಿಸಿ, ನನ್ನದನ್ನು ಸೇರಿಸಿ, ಮುಂದೆ ಹೋಗಿ ಮತ್ತೆ ಪುಸ್ತಕಕ್ಕೆ ಕೂಡಿಸಿದೆ. ದಾರಿ ತಪ್ಪಿದ ಕಡೆಯಲ್ಲೆಲ್ಲ "ವಾಚಕ ಮಹಾಶಯರೇ" ಎಂದು ಉಸಿರು ತೆಗೆದುಕೊಂಡೆ. ಪತ್ತೇದಾರ ನೆಗಡಿ ದನಿಯಲ್ಲಿ ವೈದ್ಯನ ಕೈಗವಸನ್ನು ಮೇಜಿನ ಮೇಲೆ ಎಸೆದ. ಮಾಡಿದ್ದುಣ್ಣೋ ಮಹಾರಾಯ ಎಂದು ವೈದ್ಯನನ್ನು ಎಳೆದುಕೊಂಡು ಹೋದರು. ಪುಸ್ತಕ ಮುಚ್ಚಿದೆ.

"ಮುಗೀತಾ?"

"ಮುಗೀತು."

"ಡಾಕ್ಟ್ರು."

"ಹೂಂ ಅಪ್ಪ."

ಅವರು ಕಣ್ಣು ಮುಚ್ಚಿಕೊಂಡರು. ಮುಚ್ಚುವ ಅಗತ್ಯವೇನೂ ಇರಲಿಲ್ಲ. "ನಾನು ಹೇಳಿರಲಿಲ್ವಾ, ಮಗಳಲ್ಲ ಅಂತ?" ಎಂದರು. ಹೊದಿಕೆಯ ಅಂಚನ್ನು ಬೆರಳಲ್ಲಿ ಸವರಿ ಮತ್ತೆ ಹೇಳಿದರು, "ಈ ಕೊನೆ ಅಧ್ಯಾಯ ಮಾಡಿದವರದ್ದು ಒಳ್ಳೆ ಕೈ. ಎಲ್ಲಿ ಕತ್ತರಿಸಿದ್ದು, ಎಲ್ಲಿ ಕೂಡಿಸಿದ್ದು, ಒಂದೂ ತಿಳಿಯಲ್ಲ. ಅಂಥ ಕೈ ನಮ್ಮ ಅಂಗಡೀಲಿ ಯಾರಿಗೂ ಇರಲಿಲ್ಲ, ನನಗೂ ಇರಲಿಲ್ಲ."

ನೋಡಿ ಇದನ್ನು. ನೂರು ವರ್ಷದ ಹಿಂದೆ ಸತ್ತ ಯಾವನೋ ಕಥೆಗಾರನಿಗೆ ಒಳ್ಳೆ ಕೈಯಂತೆ! ಇಷ್ಟು ವರ್ಷ ಪಕ್ಕದಲ್ಲಿ ಕೂತು ಕಾಜ ಹೆಣೆದವಳಿಗೆ ಒಂದು ಸಲ, ಬಾಯಿತಪ್ಪಿ ಒಂದು ಸಲ ಆ ಮಾತು ಬರಲಿಲ್ಲ. ಕೋಣೆಯಿಂದ ಎದ್ದು ಬಂದುಬಿಡೋಣ ಅನ್ನಿಸಿತು.

"ಹಾಲು ತಾ" ಎಂದರು.

"ಸಕ್ಕರೆ ಹಾಕಲಾ?"

"ನಿನಗೆ ತಿಳಿದಷ್ಟು ಹಾಕು."

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ನಿಲ್ಲಿಸದೆ ಕುಡಿದರು. ತಳದಲ್ಲಿ ಉಳಿದದ್ದನ್ನೂ ಕೇಳಿ ಕುಡಿದರು.

ಜುಲೈ 15

ಅಪ್ಪ ಬೆಳಿಗ್ಗೆ ಹೋದರು.

ಜುಲೈ 19

ಜನ ಬಂದರು, ಹೋದರು. ಎಲ್ಲರೂ ತಮ್ಮನ ಭುಜ ತಟ್ಟಿ "ಚೆನ್ನಾಗಿ ನೋಡ್ಕೊಂಡೆ" ಎಂದರು. ಅವನೂ ಹೂಂ ಎಂದ. ತಮ್ಮನ ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟಳು, ನನ್ನನ್ನು ಮರೆತಳು. ಹಾಲಿನವನಿಗೆ ನಾಳೆಯಿಂದ ಅರ್ಧ ಸಾಕು ಎಂದು ಹೇಳಲು ಹೋದೆ, ಎಂದಿನ ಪಾತ್ರೆಯನ್ನೇ ಹಿಡಿದೆ. ಇವತ್ತೂ ಪೂರ್ತಿಯೇ ಹಾಕಿಹೋದ.

ಜುಲೈ 28

ಅಪ್ಪನ ಕೋಣೆ ಖಾಲಿ ಮಾಡಲು ತಮ್ಮ ಬಂದ. ಮಂಚ ಬೇಡವಂತೆ, ಮೇಜು ಬೇಡವಂತೆ. ಕತ್ತರಿ ಬೇಕಂತೆ. "ಅಂಗಡಿ ಗಾಜಿನ ಪೆಟ್ಟಿಗೇಲಿ ಇಡ್ತೀನಿ ಅಕ್ಕ. ಗಿರಾಕಿಗಳಿಗೆ ಹಳೇ ಸಾಮಾನು ಅಂದ್ರೆ ಇಷ್ಟ." ನಾನು ಹಾಸಿಗೆ ಸುತ್ತತೊಡಗಿದೆ. ಪುಸ್ತಕ ಕಣ್ಣಿಗೆ ಬಿತ್ತು ಅವನಿಗೆ.

"ಇದನ್ನ ಪೂರ್ತಿ ಓದಿಸ್ಕೊಂಡ್ರಾ ಅಪ್ಪ?"

"ಪೂರ್ತಿ."

"ಪಾಪ, ಗೊತ್ತಿದ್ದೂ ಕೂತು ಕೇಳಿದ್ರಲ್ಲ."

"ಏನು ಗೊತ್ತಿದ್ದು?"

"ಯಾರು ಕೊಂದಿದ್ದು ಅಂತ. ಅವತ್ತು ನೀನು ಔಷಧಿಗೆ ಹೋಗಿದ್ದಾಗ ನಾನು ಮುನ್ನುಡಿ ಓದಕ್ಕೆ ಶುರು ಮಾಡ್ದೆ. ಆ ಪ್ರೊಫೆಸರು ಎರಡನೇ ಪುಟದಲ್ಲೇ ಎಲ್ಲಾ ಉಗುಳಿಬಿಟ್ಟಿದಾನೆ. ಎಲ್ಲರಿಗೂ ತಿಳಿದಿರುವಂತೆ ಸೇವೆಗೆ ನಿಂತ ಮಗಳೇ ಕೊಲೆಗಾರ್ತಿ, ಅಂತೆ. ನಾನೇನು ಕಂಡಿದ್ನಾ? ಓದಿಬಿಟ್ಟೆ. ಅಪ್ಪ ನನಗೂ ಅವನಿಗೂ ಸೇರಿಸಿ ಬೈದ್ರು."

"ಆಮೇಲೆ?"

"ಆಮೇಲೇನು, ಅಕ್ಕನಿಗೆ ಹೇಳ್ಬೇಡ, ಅವಳು ಓದ್ಲಿ, ಅಂದ್ರು. ಯಾಕೆ ಅಂತ ನಾನು ಕೇಳ್ಲಿಲ್ಲ. ನನಗೂ ಅಂಗಡಿಗೆ ಹೊತ್ತಾಗಿತ್ತು."

ಕತ್ತರಿ ಕೊಡುವುದಿಲ್ಲ ಎಂದೆ. ಅವನು ನನ್ನ ಮುಖ ನೋಡಿದ, ಮತ್ತೆ ಕೇಳಲಿಲ್ಲ.

ಜುಲೈ 29

ಮುನ್ನುಡಿಯ ಎರಡನೇ ಪುಟ ತೆರೆದು ನೋಡಿದೆ. ಅವನು ಹೇಳಿದ ಹಾಗೇ ಇದೆ.

ಹಾಗಾದರೆ ಗುಮಾಸ್ತನ ಮೇಲೆ ಅನುಮಾನ ಎಂದದ್ದು ಯಾಕೆ? ಓದಿದ್ದನ್ನೇ ಓದಿದರೂ ಸುಮ್ಮನಿದ್ದದ್ದು ಯಾಕೆ? ಕಥೆಯಲ್ಲಿ ಮಗಳು ವಿಷ ಹಾಕುತ್ತಾಳೆ ಎಂದು ಗೊತ್ತಿದ್ದೂ ದಿನಾ ನನ್ನ ಕೈಯಿಂದ ಹಾಲು ಕುಡಿದರು. ನನ್ನ ಬಾಯಲ್ಲಿ ಆ ವೈದ್ಯ ಬಂದಾಗ ಸುಳ್ಳೆಂದು ಅವರಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಈ ಅಳತೆ ಪುಸ್ತಕದಲ್ಲಿ ಜುಲೈ 12ರ ಹಾಳೆ ತಿರುವಿದೆ. ಅವರು ಆಡಿದ ಮಾತು ಅಲ್ಲಿದೆ. ಎದೆ, ಸೊಂಟ, ತೋಳು ಎಂದು ಅಚ್ಚಾದ ಹಾಳೆಯಲ್ಲಿ ನನ್ನ ಕೈಯಾರೆ ಬರೆದಿದ್ದೇನೆ, ಇನ್ನಾರಿಗೋ ಹೇಳಿದ್ದೆಂದು ಬೈದುಕೊಂಡು.

ನೇರವಾಗಿ ಹೇಳಿದ್ದರೆ ನಾಲಗೆ ಸವೆಯುತ್ತಿತ್ತೇ ಅಪ್ಪ? ಜೀವಮಾನದಲ್ಲಿ ಒಂದು ಒಳ್ಳೆಯ ಮಾತು, ಅದನ್ನೂ ಕಳ್ಳಜೇಬಿನಲ್ಲಿಟ್ಟು ಹೊಲಿದು ಹೋದಿರಿ. ತಮ್ಮ ಬಾಯಿಬಿಡದಿದ್ದರೆ ಅದೂ ಆ ಕೊನೆ ಅಧ್ಯಾಯದ ಜೊತೆ ಹೋಗುತ್ತಿತ್ತು. ಸಿಟ್ಟು ಬರುತ್ತಿದೆ ನನಗೆ. ಅತ್ತೂ ಅತ್ತೂ ಸಿಟ್ಟು ಬರುತ್ತಿದೆ.

ಜುಲೈ 30

ಫ್ಲಾನೆಲ್ ಬಿಚ್ಚಿ ಕತ್ತರಿ ತೆಗೆದೆ. ಅಂದುಕೊಂಡದ್ದಕ್ಕಿಂತ ಭಾರ ಇದೆ. ಹಿಡಿ ಅವರ ಹೆಬ್ಬೆರಳಿನ ಅಳತೆಗೆ ಸವೆದಿದೆ, ನನಗೆ ಸಡಿಲ.

ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಬಾರದು, ಮೊಂಡಾಗುತ್ತದೆ ಎಂದು ಅಂಗಡಿಯಲ್ಲಿ ದಿನಾ ಕೂಗುತ್ತಿದ್ದರು. ಕಾಗದವನ್ನೇ ಕತ್ತರಿಸಿದೆ. ಪುಸ್ತಕ ಮಡಿಲಲ್ಲಿಟ್ಟುಕೊಂಡು ಪ್ರೊಫೆಸರ ಮುನ್ನುಡಿಯನ್ನು ಮೊದಲಿನಿಂದ ಕೊನೆಯವರೆಗೆ, ಹೊಲಿಗೆಯ ಪಕ್ಕದಲ್ಲೇ, ಒಂದೊಂದೇ ಹಾಳೆ ತೆಗೆದೆ. ಈಗ ರಟ್ಟು ತೆರೆದರೆ ನೇರ ಕಥೆಯೇ ಶುರುವಾಗುತ್ತದೆ. ಅಲ್ಲಿ ಏನೋ ಇತ್ತೆಂದು ಯಾರಿಗೂ ತಿಳಿಯುವುದಿಲ್ಲ.